ಬಾಗಿಲ ಫಲಕದ ಮೇಲೆ ಬಿಜೂರು, ಬಸ್ರೂರು

ಕುಂದಾಪುರದ ಪೇಟೆಯಲ್ಲಿ ಪರಿಚಯದವರು ಸಿಕ್ಕಾಗ "ಈಗ ಎಲ್ಲಿದ್ರಿ?" ಎಂದು ಕೇಳಿ ನೋಡಿ. ಒಬ್ಬರಲ್ಲ ಒಬ್ಬರು "ಫ್ಲ್ಯಾಟಲ್ಲಿ" ಎನ್ನುತ್ತಾರೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ, ಸ್ವಲ್ಪ ಸಂಕೋಚ ಎರಡೂ ಇರುತ್ತವೆ. ಕೋಟೇಶ್ವರ, ಬ್ರಹ್ಮಾವರ, ಬೈಂದೂರು, ಎಲ್ಲಿ ನೋಡಿದರೂ ಹೆದ್ದಾರಿಯ ಬದಿಯಲ್ಲಿ ತೆಂಗಿನ ಮರಗಳಿಗಿಂತ ಎತ್ತರದ ಕಟ್ಟಡಗಳು ತಲೆಯೆತ್ತಿವೆ. ಹಿರಿಯರು ಮಾತ್ರ ಮೂಗು ಮುರಿಯುತ್ತಾರೆ. "ನೆಲ ಇಲ್ದಿದ್ ಮನಿ ಎಂತ ಮನಿ ಮಾರಾಯ್ತಿ? ತುಳಸಿಕಟ್ಟಿ ಎಲ್ಲ್ ಕಟ್ಟೂದ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರ ಪ್ರಕಾರ ಇದು ಬೆಂಗಳೂರಿನಿಂದಲೋ ಕೊಲ್ಲಿ ದೇಶದಿಂದಲೋ ಬಂದ ಹೊಸ ರೋಗ.

ಸೋದರಿಯರೇ, ನೀವೂ ಹಾಗೆಯೇ ತಿಳಿದಿದ್ದರೆ ಈ ಸಲದ ರಜೆಯಲ್ಲಿ ನನ್ನೊಡನೆ ಮುಂಬಯಿಗೆ ಬನ್ನಿ. ಎಲಿಫೆಂಟಾ, ಗೇಟ್‌ವೇ ಎಲ್ಲ ನೀವು ನೋಡಿಯೇ ಇರುತ್ತೀರಿ. ನಾನು ತೋರಿಸಬೇಕೆಂದಿರುವುದು ಕೆಲವು ಹಳೆಯ ವಸತಿ ಕಟ್ಟಡಗಳನ್ನು. ಒಂದೇ ಮೆಟ್ಟಿಲನ್ನು ಹತ್ತಾರು ಮನೆಯವರು ತುಳಿಯುತ್ತ, ಆ ಮೆಟ್ಟಿಲು ನಮ್ಮೆಲ್ಲರದು ಎಂದು ಬಾಳುವ ವಿದ್ಯೆಯನ್ನು ನಮ್ಮ ಕರಾವಳಿಯವರು ನೂರು ವರ್ಷಕ್ಕೂ ಹಿಂದೆ ಅಲ್ಲಿ ಕಲಿತದ್ದುಂಟು. ಬರಿಯ ಕಲಿತದ್ದಲ್ಲ, ದೇಶಕ್ಕೇ ಮಾದರಿ ಹಾಕಿಕೊಟ್ಟರು ಎಂದರೂ ತಪ್ಪಾಗದು.

ಪ್ರಯಾಣ ಈಗ ಸುಲಭ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕುಂದಾಪುರದವರು ಮೂಡ್ಲಕಟ್ಟೆಯಲ್ಲಿ, ಬೈಂದೂರಿನವರು ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ, ಬ್ರಹ್ಮಾವರದವರು ಬಾರ್ಕೂರಿನಲ್ಲಿ ಹತ್ತಿ ಕುಳಿತರೆ, ಒಂದು ರಾತ್ರಿ ಕಳೆಯುವಷ್ಟರಲ್ಲಿ ಮುಂಬಯಿ. ಬುತ್ತಿಗೆ ಬಾಳೆಲೆಯಲ್ಲಿ ಕಟ್ಟಿದ ನಾಲ್ಕು ಕೊಟ್ಟೆ ಕಡುಬು ಸಾಕು, ಬೆಳಗಾಗುವವರೆಗೆ ಕೆಡುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಕರಾವಳಿಯ ಬಂದರುಗಳಿಂದ ಹಡಗು ಹತ್ತಬೇಕು. ಮಳೆಗಾಲದಲ್ಲಿ ಹಡಗು ನಿಂತರೆ ಮುಂಬಯಿಯ ಸುದ್ದಿಗೆ ಅಂಚೆಯೊಂದೇ ಗತಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದಾದರಿನಲ್ಲಿ ಲೋಕಲ್ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಪಶ್ಚಿಮಕ್ಕೆ ಹೊರಟರೆ ಗಾಮದೇವಿ. ಗಾಂಧೀಜಿ ಮುಂಬಯಿಗೆ ಬಂದಾಗ ಉಳಿದುಕೊಳ್ಳುತ್ತಿದ್ದ ಮಣಿ ಭವನವಿರುವುದು ಇದೇ ಬಡಾವಣೆಯಲ್ಲಿ. ಸಾರಸ್ವತ ಕಟ್ಟಡಗಳೂ ಇಲ್ಲಿಯೇ. ಅಲ್ಲಿಂದ ತಾರದೇವ್ ಕಡೆಗೆ ನಡೆದರೆ ತಲಮಕಿವಾಡಿ ಸಿಗುತ್ತದೆ. ಒಳಗೆ ಹೋದಾಗ ಮೆಟ್ಟಿಲ ಬಳಿಯ ಹೆಸರುಗಳ ಪಟ್ಟಿಯ ಮೇಲೆ ಕಣ್ಣಾಡಿಸಿ.

ಇಂಥ ಕಟ್ಟಡಗಳಲ್ಲಿ ವಾಸಿಸುವ ಜನರ ಕುಲನಾಮಗಳನ್ನು ಒಂದೊಂದಾಗಿ ಹೇಳುತ್ತೇನೆ, ಕೇಳಿ: ಕುಂದಾಪುರ್, ಬಸ್ರೂರ್, ಕಂಡ್ಲೂರ್, ಹಟ್ಟಂಗಡಿ, ಹೆಮ್ಮಾಡಿ, ಗಂಗೊಳ್ಳಿ, ತ್ರಾಸಿ, ಪಡುಕೋಣೆ, ಬಿಜೂರ್, ಬೈಂದೂರ್, ಶಿರೂರ್, ಬಾರ್ಕೂರ್, ಬೆನಗಲ್, ಹೊಳೆ ದಾಟಿದರೆ ಕಲ್ಯಾಣಪುರ್. ಏನಾಯಿತು? ಬ್ರಹ್ಮಾವರದಿಂದ ಶಿರೂರಿನ ತನಕ ಬಸ್ಸಿನ ಕಂಡಕ್ಟರು ಕೂಗುವ ಊರುಗಳೇ ಅಲ್ಲವೇ!

ಇವರು ಚಿತ್ರಾಪುರ ಸಾರಸ್ವತರು, ಭಾನಪರೆಂದೂ ಹೇಳುವುದುಂಟು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿಯೂ ಲೆಕ್ಕದ ಕಡತದಲ್ಲಿಯೂ ಕನ್ನಡ. ಬೈಂದೂರಿನಿಂದ ಉತ್ತರಕ್ಕೆ, ಭಟ್ಕಳ ದಾಟಿದರೆ ಸಿಗುವ ಶಿರಾಲಿಯಲ್ಲಿ ಇವರ ಮಠ. ಹಳ್ಳಿ ಹಳ್ಳಿಗಳಲ್ಲಿ ಶಾನುಭೋಗಿಕೆ ಮಾಡಿಕೊಂಡಿದ್ದವರಾದ್ದರಿಂದ ಯಾವ ಊರಿನ ಲೆಕ್ಕ ಬರೆದರೋ ಆ ಊರೇ ಹೆಸರಿಗೆ ಅಂಟಿಕೊಂಡಿತು. ಊರು ಬಿಟ್ಟರೂ ಹೆಸರು ಬಿಡಲಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ, ಸಿನಿಮಾದ ಗುರುದತ್ತ್ ಪಡುಕೋಣೆ, ಶ್ಯಾಮ್ ಬೆನಗಲ್ ಇವರನ್ನೆಲ್ಲ ನೀವು ಬಲ್ಲಿರಿ. 'ಗಾಂಧಿ' ಚಿತ್ರದಲ್ಲಿ ಕಸ್ತೂರಬಾ ಆದ ರೋಹಿಣಿ ಹಟ್ಟಂಗಡಿಯವರಿಗೆ ನಮ್ಮ ಹಟ್ಟಿಯಂಗಡಿ ಬಂದದ್ದು ಮದುವೆಯಿಂದ. ಮರವಂತೆಯ ಹಾದಿಯಲ್ಲಿ ಹೋಗುವಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ ಎಂದು ಬೆರಗಾಗುತ್ತೇವಲ್ಲ, ಆ ಹೊಳೆಯಾಚೆಯ ಹಸಿರೇ ಪಡುಕೋಣೆ!

ಬಾಡಿಗೆದಾರನೇ ಪಾಲುದಾರ

ಇಷ್ಟಕ್ಕೂ ಲೆಕ್ಕ ಬರೆಯುವವರು ಕಟ್ಟಡ ಕಟ್ಟಲು ಹೊರಟದ್ದೇಕೆ? ಕಾರಣ ಸರಳ. ಇಂಗ್ಲಿಷ್ ಕಲಿತ ಹುಡುಗರು ಗುಮಾಸ್ತರಾಗಿ, ಮಾಸ್ತರರಾಗಿ, ವಕೀಲರಾಗಿ ಮುಂಬಯಿ ಸೇರಿದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲಂತೂ ಆ ಹಾದಿ ಇನ್ನಷ್ಟು ಅಗಲವಾಯಿತು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಸಿಕ್ಕಿದ್ದು ಗಿರಗಾಂವ್ ಕಡೆಯ ಚಾಳುಗಳಲ್ಲಿ ಕೋಣೆ.

ಚಾಳು ಎಂದರೆ ಗೊತ್ತಲ್ಲ? ಉದ್ದ ಜಗಲಿ, ಅದಕ್ಕೆ ಸಾಲಾಗಿ ಕೋಣೆಗಳು. ನೀರಿನ ನಲ್ಲಿಯೂ ಪಾಯಿಖಾನೆಯೂ ಜಗಲಿಯ ತುದಿಯಲ್ಲಿ, ಎಲ್ಲರಿಗೂ ಸೇರಿ. ಬಾವಿಕಟ್ಟೆಯಲ್ಲಿ ಕೊಡಪಾನ ತುಂಬಾ ನೀರು ಸೇದಿ ಬೆಳೆದ ಬಸ್ರೂರಿನ ಹೆಣ್ಣುಮಗಳೊಬ್ಬಳು ಅಲ್ಲಿ ಬಾಲ್ದಿ ಹಿಡಿದು ಸಾಲಿನಲ್ಲಿ ನಿಂತದ್ದನ್ನು ಊಹಿಸಿ ನೋಡಿ. ಬಾಣಂತನವಾದರೂ ಅಷ್ಟೇ, ಮುಟ್ಟಾದರೂ ಅಷ್ಟೇ, ಅದೇ ಕೋಣೆ, ಅದೇ ಜಗಲಿ. 1896ರಲ್ಲಿ ಪ್ಲೇಗು ಬಂದಾಗ ಇಂಥ ಇಕ್ಕಟ್ಟಿನ ಕೇರಿಗಳೇ ಮೊದಲು ನಲುಗಿದವು. ಸರಕಾರ ಎಚ್ಚೆತ್ತು 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟುಹಾಕಿತು. ಗಾಳಿ ಬೆಳಕಿಗೆಂದು ಹೊಸ ರಸ್ತೆ, ಹೊಸ ಬಡಾವಣೆಗಳು ಬಂದವು. ಆದರೆ ಗುಮಾಸ್ತನೊಬ್ಬ ಒಬ್ಬನೇ ಅಲ್ಲಿ ಮನೆ ಕಟ್ಟಲು ಸಾಧ್ಯವೇ? ಆದ್ದರಿಂದಲೇ ಎಷ್ಟೋ ಗಂಡಸರು ಹೆಂಡತಿಯನ್ನು ಊರಿನಲ್ಲೇ ಬಿಟ್ಟು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆಯ ಸಮಸ್ಯೆ ಎನ್ನುವುದು ನಿಜವಾಗಿ ಸಂಸಾರದ ಸಮಸ್ಯೆಯಾಗಿತ್ತು.

ಇಲ್ಲಿ ಬರುತ್ತಾರೆ ಶ್ರೀಪಾದ ಸುಬ್ರಾವ್ ತಲಮಕಿ. ವಕೀಲರಾಗಿದ್ದ ತಮ್ಮ ಗುರುಸಮಾನ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಅವರು 1906ರ ಡಿಸೆಂಬರ್ 27ರಂದು ಒಂದು ಸಹಕಾರಿ ಸಾಲ ಸಂಘ ತೆರೆದರು. ಇಂದಿನ ಎಸ್‌ವಿಸಿ ಬ್ಯಾಂಕು ಅದೇ. ಅಲ್ಪಸ್ವಲ್ಪ ಉಳಿಸಿ, ಒಬ್ಬರಿಗೊಬ್ಬರು ಜಾಮೀನಾಗಿ, ಸಾಲ ಪಡೆಯುವ ಏರ್ಪಾಡು. 1904ರ ಕಾಯ್ದೆಯಲ್ಲಿ ಸಾಲದ ಸಂಘಗಳಿಗಷ್ಟೇ ಎಡೆಯಿತ್ತು. 1912ರಲ್ಲಿ ಕಾಯ್ದೆ ಬದಲಾಗಿ ಬೇರೆ ಕೆಲಸಗಳಿಗೂ ಸಹಕಾರ ಸಂಘ ಕಟ್ಟಬಹುದೆಂದಾಯಿತು. ತಲಮಕಿಯವರು ತಡಮಾಡಲಿಲ್ಲ. 1915ರಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಹುಟ್ಟಿತು. ಗಾಮದೇವಿಯಲ್ಲಿ ಅದರ ಕಟ್ಟಡಗಳೆದ್ದವು. ಏಷ್ಯಾದಲ್ಲಿಯೇ ಅತಿ ಹಳೆಯ ಗೃಹ ಸಹಕಾರ ಸಂಘ ಎಂದು ಇದನ್ನು ಕರೆಯುವ ರೂಢಿಯಿದೆ. ಬೆಂಗಳೂರಿನವರು ಒಪ್ಪಲಿಕ್ಕಿಲ್ಲ ಅನ್ನಿ! ಅಲ್ಲಿ 1909ರಲ್ಲಿಯೇ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಆರಂಭವಾಗಿತ್ತು. ಹೇಗಿದ್ದರೂ ಪಂದ್ಯ ನಮ್ಮ ನಮ್ಮೊಳಗೇ.

ಅದು ನಡೆಯುವ ಬಗೆ ಹೀಗೆ. ಸದಸ್ಯರು ಷೇರು ಕೊಳ್ಳುತ್ತಾರೆ. ಆ ಹಣಕ್ಕೆ ಸಾಲ ಕೂಡಿಸಿ ಸಂಘ ಕಟ್ಟಡ ಕಟ್ಟುತ್ತದೆ. ನೆಲವೂ ಸಂಘದ್ದೇ, ಗೋಡೆಯೂ ಸಂಘದ್ದೇ. ಸದಸ್ಯ ತಿಂಗಳು ತಿಂಗಳು ಬಾಡಿಗೆ ಕೊಡುತ್ತಾನೆ, ಆದರೆ ಬೇರೊಬ್ಬ ಧಣಿಗಲ್ಲ, ತಾನೂ ಪಾಲುದಾರನಾದ ಸಂಘಕ್ಕೆ. ಅದರಲ್ಲಿ ಸಾಲ ತೀರುತ್ತದೆ, ಮನೆ ರಿಪೇರಿಯಾಗುತ್ತದೆ. ಮಾಲೀಕ ರಾತ್ರೋರಾತ್ರಿ ಎಬ್ಬಿಸುವ ಹೆದರಿಕೆಯಿಲ್ಲ. ಅಂತೆಯೇ ಸದಸ್ಯನೂ ತನ್ನಿಚ್ಛೆಯಂತೆ ಹೆಚ್ಚಿನ ಬೆಲೆಗೆ ಯಾರಿಗೋ ಮಾರಿ ನಡೆಯುವಂತಿಲ್ಲ. ವಾಸಿಸುವ ಹಕ್ಕು ಪೂರ್ತಿ, ಮಾರುವ ಹಕ್ಕು ಮಾತ್ರ ಮೊಟಕು.

ಕುಂದಾಪುರದ ಕಡೆಯ ಓದುಗರಿಗೆ ಇದನ್ನು ಓದುವಾಗ ಏನೋ ನೆನಪಾಗಬೇಕಲ್ಲ? ಹೌದು, ಅಳಿಯಕಟ್ಟಿನ ಕುಟುಂಬದ ಮನೆ! ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ಮನೆ ಕುಟುಂಬದ್ದು. ಹೆಣ್ಣು ಸಂತಾನದ ಮೂಲಕ ಬಂದವರಿಗೆಲ್ಲ ಅಲ್ಲಿ ಉಣ್ಣುವ, ಉಳಿಯುವ ಹಕ್ಕು. ಯಜಮಾನನಾದರೂ ಒಬ್ಬನೇ ಮಾರುವ ಹಾಗಿಲ್ಲ. 1949ರ ಕಾಯ್ದೆ ಬಂದು ಪಾಲಿನ ದಾರಿ ತೆರೆಯುವ ತನಕ ಇದೇ ಕಟ್ಟು ನಡೆಯಿತು. ಸಾರಸ್ವತರದ್ದು ಅಳಿಯಕಟ್ಟಲ್ಲ, ಮಕ್ಕಳಕಟ್ಟು. ತಲಮಕಿಯವರು ಮಾದರಿ ತಂದದ್ದೂ ಇಂಗ್ಲೆಂಡಿನ ಸಹಕಾರಿಗಳಿಂದಲೇ ಹೊರತು ನಮ್ಮ ದೊಡ್ಡಮನೆಗಳಿಂದಲ್ಲ. ಆದರೂ ಒಂದು ಮಾಡಿನ ಕೆಳಗೆ ಎಲ್ಲರಿಗೂ ಹಕ್ಕು, ಯಾರೊಬ್ಬರದೂ ಅಲ್ಲ ಎಂಬ ಮಾತು ನಮ್ಮ ಮಣ್ಣಿಗೆ ಹೊಸತಲ್ಲ ಎಂದಷ್ಟೇ ನನ್ನ ವಾದ. ಅಪಾರ್ಟ್‌ಮೆಂಟು ಎಂದ ಕೂಡಲೇ "ನಮ್ಮದಲ್ಲ" ಎಂದು ಮುಖ ತಿರುಗಿಸುವವರು ಇದನ್ನು ಸ್ವಲ್ಪ ಯೋಚಿಸಲಿ.

ಹೆಂಗಸರ ಕೂಟ, ಒಂದು ಅಡುಗೆಯ ಪುಸ್ತಕ

ಗೋಡೆಗಳೆದ್ದರೆ ಸಾಲದು. ಊರು ಬಿಟ್ಟು ಬಂದ ಹೆಣ್ಣಿಗೆ ನೆರೆಮನೆ ಬೇಕು. ಗಾಮದೇವಿಯಲ್ಲಿ 1917ರಲ್ಲಿಯೇ ಸಾರಸ್ವತ ಮಹಿಳಾ ಸಮಾಜ ಪ್ರಾರಂಭವಾಯಿತು. ಅಂದರೆ ಸೊಸೈಟಿ ನೋಂದಣಿಯಾಗಿ ಎರಡೇ ವರ್ಷಕ್ಕೆ! ಗಂಡಸರು ಸಾಲದ ಕಂತಿನ ಲೆಕ್ಕ ಹಾಕುತ್ತಿರುವಾಗ ಹೆಂಗಸರು ತಮ್ಮದೇ ಕೂಟ ಕಟ್ಟಿಕೊಂಡಿದ್ದರು. ಈ ಸಮಾಜ ನೂರು ವರ್ಷ ದಾಟಿ ಬಾಳಿದೆ.

ಸಮಾಜದ ಹೆಸರು ಗೊತ್ತಿಲ್ಲದವರಿಗೂ ಅದರ ಪುಸ್ತಕ ಗೊತ್ತಿರಬಹುದು. ಅದೇ 'ರಸಚಂದ್ರಿಕಾ'. ಅಂಬಾಬಾಯಿ ಸಂಶಿಯವರು ಬರೆದ ಈ ಸಾರಸ್ವತ ಅಡುಗೆಯ ಪುಸ್ತಕ ಮೊದಲು ಮರಾಠಿಯಲ್ಲಿ, ಅನಂತರ ಇಂಗ್ಲಿಷಿನಲ್ಲಿ ಬಂತು. ಅಡುಗೆಯ ಜೊತೆಗೆ ಮನೆಮದ್ದು, ಹಬ್ಬಹರಿದಿನಗಳ ವಿವರ ಎಲ್ಲವೂ ಇರುವುದರಿಂದ ಹೊಸದಾಗಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ ಅದು ಅತ್ತೆಯೂ ಹೌದು, ಅಮ್ಮನೂ ಹೌದು.

ಪುಸ್ತಕವೇಕೆ ಬೇಕಾಯಿತು ಎಂದು ಕೇಳುತ್ತೀರಾ? ಬಿಜೂರಿನಲ್ಲಿದ್ದಿದ್ದರೆ ಬೇಕಾಗುತ್ತಿರಲಿಲ್ಲ. ಪತ್ರೊಡೆಗೆ ಯಾವ ಕೆಸುವಿನ ಎಲೆ ತುರಿಸುವುದಿಲ್ಲ, ಹುಳಿ ಎಷ್ಟು ಹಾಕಬೇಕು, ಹಲಸಿನೆಲೆಯ ಕೊಟ್ಟೆ ಕಟ್ಟಲು ಕಡ್ಡಿ ಎಲ್ಲಿ ಚುಚ್ಚಬೇಕು ಎಂಬುದನ್ನೆಲ್ಲ ಒಲೆಯ ಮುಂದೆ ನಿಂತೇ ಕಲಿಯುತ್ತಿದ್ದೆವು. ಮೂರನೆಯ ಮಹಡಿಯಲ್ಲಿ ಇಬ್ಬರೇ ಇರುವ ಸಂಸಾರದಲ್ಲಿ ಯಾರನ್ನು ಕೇಳುವುದು? ಪಕ್ಕದ ಬಾಗಿಲು ತಟ್ಟಬೇಕು, ಇಲ್ಲವೇ ಪುಸ್ತಕ ತೆರೆಯಬೇಕು. ಇಂಥ ಪುಸ್ತಕ ಪಕ್ಕದ ಬಾಗಿಲುಗಳಿಂದಲೇ ಹುಟ್ಟುತ್ತದೆ. ನಮ್ಮ ಕುಂದಾಪುರದ ಕೋಳಿಸುಕ್ಕದ ಮಸಾಲೆಯ ಹದ ಈಗ ಎಷ್ಟು ಮನೆಗಳಲ್ಲಿ ಬರೆದಿಟ್ಟಿದ್ದಾರೆ, ನೀವೇ ಹೇಳಿ. ಅಂಗಡಿಯ ಪೊಟ್ಟಣ ಬಂದ ಮೇಲೆ ಅದೂ ತಪ್ಪಿತು.

ತಲಮಕಿಯವರ ಹೆಸರನ್ನೇ ಹೊತ್ತ ತಾರದೇವಿನ ವಾಡಿಯಲ್ಲಿ ಈ ಕೂಡುಬಾಳುವೆ ಇನ್ನೂ ವಿಸ್ತಾರವಾಯಿತು. 1911ರಲ್ಲಿ ಹುಟ್ಟಿದ ಕೆನರಾ ಸಾರಸ್ವತ ಅಸೋಸಿಯೇಷನ್ನಿನ ಕಚೇರಿ ಇರುವುದು ಅಲ್ಲಿ. ಸಭಾಂಗಣವೂ ಅಲ್ಲೇ. ಸಂಘದ ಮಾಸಪತ್ರಿಕೆಯಲ್ಲಿ ಹುಟ್ಟು, ಮದುವೆ, ಸಾವು, ಪರೀಕ್ಷೆಯಲ್ಲಿ ಪಾಸಾದವರು ಎಲ್ಲ ಬರುತ್ತದೆ. ಸಾಂತಾಕ್ರೂಜಿನಲ್ಲಿಯೂ ಸಾರಸ್ವತ ಕಾಲನಿ ಬೆಳೆಯಿತು.

ಸಭಾಂಗಣ ಎಂದೆನಲ್ಲ, ಅದನ್ನು ಹಗುರವಾಗಿ ನೋಡಬೇಡಿ. ಇದೇ ಸಮುದಾಯದವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಟ್ಟಿದ ಕೆನರಾ ಯೂನಿಯನ್ನಿನ ಹಾಲಿನಲ್ಲಿ ಮುಹೂರ್ತದ ದಿನ ಮದುವೆ, ಉಳಿದ ದಿನ ಬ್ಯಾಡ್ಮಿಂಟನ್. ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಆಡಿ ಪಳಗಿದ್ದು ಅಲ್ಲಿಯೇ. ಮಂಟಪಕ್ಕೆಂದು ಕಟ್ಟಿದ ಹಾಲು ಲಗ್ನದ ದಿನ ಬಿಟ್ಟು ಬೀಗ ಹಾಕಿಕೊಂಡಿದ್ದರೆ? ಎಲ್ಲರಿಗೂ ಸೇರಿದ ಜಾಗವೊಂದು ತೆರೆದಿದ್ದರೆ ಏನೇನು ನಡೆಯುತ್ತದೆಂದು ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ.

ಬಾಗಿಲು ಯಾರಿಗೆ ತೆರೆದಿತ್ತು?

ಬರಿಯ ಹೊಗಳಿಕೆ ಬರೆದು ಮುಗಿಸಿದರೆ ನಿಮಗೆ ಮೋಸ ಮಾಡಿದಂತೆ. ಈ ಕಟ್ಟಡಗಳ ಬಾಗಿಲು ತೆರೆದದ್ದು ತಮ್ಮವರಿಗೆ ಮಾತ್ರ. ಅದೇ ಕುಂದಾಪುರ, ಬೈಂದೂರುಗಳಿಂದ ಅದೇ ಮುಂಬಯಿಗೆ ಇನ್ನೊಂದು ಬಗೆಯ ಹುಡುಗರೂ ಹೋಗುತ್ತಿದ್ದರು. ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ರಾತ್ರಿ ಗಿರಾಕಿಗಳು ಎದ್ದು ಹೋದ ಮೇಲೆ ಅದೇ ಮೇಜಿನ ಮೇಲೆ ಮಲಗಿದವರು ಅವರು. ಹಗಲು ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತವರು. ಮೊಗವೀರರು 1902ರಲ್ಲಿಯೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡು ಶಾಲೆ ನಡೆಸಿದರು. ಹಾಗೆಂದು ಹೋಟೆಲಿನ ಮಾಣಿಗೆ ಸಂಸಾರ ಹೂಡುವಂಥ ಕೋಣೆ ಸುಲಭದಲ್ಲಿ ಸಿಕ್ಕಿತೇ? ಇಲ್ಲ. ಅವನ ಹೆಂಡತಿ ಊರಿನಲ್ಲಿಯೇ ನಾಟಿ ಮಾಡಿ, ಮನಿಯಾರ್ಡರಿಗೆ ಕಾದು ಮುದುಕಿಯಾದಳು. ಗುಮಾಸ್ತನ ಹೆಂಡತಿ ಗಾಮದೇವಿಗೆ ಬಂದಳು, ಮಾಣಿಯ ಹೆಂಡತಿ ಬರಲಿಲ್ಲ. ಇಬ್ಬರ ಊರೂ ಹೆಮ್ಮಾಡಿಯೇ ಆಗಿರಬಹುದಿತ್ತು.

ಸದಸ್ಯತ್ವವನ್ನು ಒಂದು ಸಮುದಾಯಕ್ಕೇ ಮೀಸಲಿಡುವುದು ಸರಿಯೇ ಎಂಬ ಪ್ರಶ್ನೆ ಅಹಮದಾಬಾದಿನ ಪಾರ್ಸಿಗಳ ಗೃಹಸಂಘವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸಂಘದ ನಿಯಮ ಹಾಗಿದ್ದರೆ ನಡೆಯುತ್ತದೆ ಎಂದು 2005ರಲ್ಲಿ ತೀರ್ಪಾಯಿತು. ಕಾನೂನು ಒಪ್ಪಿದ್ದನ್ನೆಲ್ಲ ಮನಸ್ಸು ಒಪ್ಪಬೇಕೆಂದಿಲ್ಲ. ಪರಸ್ಥಳದಲ್ಲಿ ನಾಲ್ಕು ಜನ ಒಂದೇ ಮಾತಿನವರು ಸೇರಿಕೊಂಡದ್ದು ನನಗೆ ಅರ್ಥವಾಗುತ್ತದೆ. ನಮ್ಮ ಊರಿನಲ್ಲಿಯೇ ಹಾಗೆ ಬೇಲಿ ಹಾಕಿಕೊಂಡರೆ ಅರ್ಥವಾಗುವುದಿಲ್ಲ.

ಈ ಒಂದು ವಿಷಯದಲ್ಲಿ ಕುಂದಾಪುರದ ಇಂದಿನ ಅಪಾರ್ಟ್‌ಮೆಂಟುಗಳಿಗೆ ಹೆಚ್ಚು ಅಂಕ ಕೊಡುತ್ತೇನೆ. ದುಡ್ಡಿದ್ದವರು ಕೊಳ್ಳುತ್ತಾರೆ, ಹಾಗಾಗಿ ಒಂದೇ ಮೆಟ್ಟಿಲಲ್ಲಿ ಶೆಟ್ಟರು, ಪೂಜಾರಿಗಳು, ಭಟ್ಟರು, ಬ್ಯಾರಿಗಳು, ಕ್ರೈಸ್ತರು ಎಲ್ಲರ ಚಪ್ಪಲಿಗಳೂ ಕಾಣಸಿಗುತ್ತವೆ. ಗಾಮದೇವಿಯವರು ಕಾಣದ ಭಾಗ್ಯ ಇದು. ಆದರೆ ಅವರಲ್ಲಿದ್ದದ್ದು ನಮ್ಮಲ್ಲಿ ಎಷ್ಟಿದೆ? ಅನೇಕ ಬಾಗಿಲುಗಳಿಗೆ ಬೀಗ. ಯಜಮಾನರು ಮುಂಬಯಿಯಲ್ಲಿ, ದುಬಾಯಿಯಲ್ಲಿ, ಬೆಂಗಳೂರಿನಲ್ಲಿ. ಕೋಟೇಶ್ವರದ ಕೊಡಿ ಹಬ್ಬಕ್ಕೋ ಮೇ ತಿಂಗಳ ಮದುವೆಗೋ ದೀಪ ಹತ್ತಿದರೆ ಹತ್ತಿತು. ಉಳಿದ ದಿನಗಳಲ್ಲಿ ಆ ಮಹಡಿಯಲ್ಲಿರುವುದು ಮಗ ಕೊಡಿಸಿದ ಮನೆಯಲ್ಲಿ ಒಬ್ಬರೇ ಇರುವ ತಾಯಿ. ಗದ್ದೆಮನೆಯಲ್ಲಾದರೆ "ಹ್ವಾಯ್" ಎಂದರೆ ಬೇಲಿಯಾಚೆಯಿಂದ ಯಾರಾದರೂ ಓಗೊಡುತ್ತಿದ್ದರು. ಲಿಫ್ಟು ಕೆಟ್ಟ ದಿನ ಆಕೆ ಯಾರಿಗೆ ಹೇಳಬೇಕು? ಪಂಪು ಸುಟ್ಟರೆ? ನಡುರಾತ್ರಿ ಎದೆನೋವು ಬಂದರೆ? ಇದಕ್ಕೆಲ್ಲ ಉತ್ತರವಾಗಬೇಕಾದ ಸಂಘವೊಂದು ಆ ಕಟ್ಟಡದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಮನೆ ಕೊಳ್ಳುವಾಗ ವಿಚಾರಿಸುವವರೇ ಕಡಿಮೆ. ಗ್ರಾನೈಟಿನ ಬಣ್ಣ ಮಾತ್ರ ಹತ್ತು ಸಲ ಕೇಳುತ್ತಾರೆ!

ಆದ್ದರಿಂದ ಫ್ಲ್ಯಾಟು ನೋಡಲು ಹೊರಟ ನನ್ನ ಸೋದರಿಯರಿಗೆ ನಾಲ್ಕು ಮಾತು ಹೇಳಿಯೇಬಿಡುತ್ತೇನೆ. ಹಂಚಿಕೊಂಡ ಜಾಗದಲ್ಲಿ ಪ್ರತಿ ಮನೆಗೂ ಬಿಡಿಸಲಾಗದ ಪಾಲುಂಟು ಎಂಬುದು ಕರ್ನಾಟಕದಲ್ಲಿ 1972ರಲ್ಲಿಯೇ ಕಾಯ್ದೆಯಾಗಿ ಬಂದ ತತ್ತ್ವ. ಮೆಟ್ಟಿಲು, ಬಾವಿ, ಅಂಗಳ, ತಾರಸಿ ಇವೆಲ್ಲ ಆ ಪಾಲಿನಲ್ಲಿ ಸೇರಿದೆಯೇ ಎಂದು ಪತ್ರ ಓದಿಸಿ ನೋಡಿ. 2016ರ ರೇರಾ ಕಾಯ್ದೆಯ ಪ್ರಕಾರ, ಹೆಚ್ಚಿನ ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ನಿವಾಸಿಗಳ ಸಂಘವಾಗುವಂತೆ ಮಾಡುವುದು ಕಟ್ಟಿದವರ ಹೊಣೆ. ನೋಂದಾಯಿತ ಒಪ್ಪಂದವಾಗುವ ಮೊದಲು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆದರೆ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ, ಇಲ್ಲವೇ 500 ಚದರ ಮೀಟರು ಮೀರದ ಜಾಗದ ಕಟ್ಟಡಕ್ಕೆ ರೇರಾದಲ್ಲಿ ನೋಂದಣಿಯೇ ಕಡ್ಡಾಯವಿಲ್ಲ. ನಮ್ಮಂಥ ಸಣ್ಣ ಊರುಗಳಲ್ಲಿ ಅಂಥ ಚಿಕ್ಕ ಕಟ್ಟಡಗಳೂ ಇರುವುದರಿಂದ ಅಲ್ಲಿ ನಿಮ್ಮ ಎಚ್ಚರವೇ ನಿಮಗೆ ಕಾವಲು. ಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಸಂಘದ ಸಭೆಗೆ ಗಂಡನನ್ನು ಕಳಿಸಿ ಸುಮ್ಮನಾಗಬೇಡಿ. ಇಡೀ ದಿನ ಆ ಕಟ್ಟಡದಲ್ಲಿ ಇರುವವರು ನೀವು.

ಇನ್ನೊಂದು ಸಣ್ಣ ಸಂಗತಿ. ತಾರಸಿಯ ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಮುಂಗಡ ಕೊಡುವ ಮೊದಲೇ ಕೇಳಿಬಿಡಿ. ಏಪ್ರಿಲಿನಲ್ಲಿ ಹಲಸು ಬಲಿತಾಗ ಹಪ್ಪಳಕ್ಕೆ ಬಿಸಿಲು ಬೇಕು. ಒಬ್ಬರು ತೊಳೆ ಬೇಯಿಸಿ, ಇನ್ನೊಬ್ಬರು ಕುಟ್ಟಿ, ಮತ್ತಿಬ್ಬರು ಉಂಡೆ ಒತ್ತಿ ಚಾಪೆಯ ಮೇಲೆ ಹರಡಿದರೆ ಒಂದೇ ಬೆಳಿಗ್ಗೆ ನಾಲ್ಕು ಮನೆಗಳ ಮಳೆಗಾಲಕ್ಕಾಗುವಷ್ಟು ಆಗುತ್ತದೆ. ಕಾಗೆ ಓಡಿಸಲು ಮೇಲಿನ ಮಹಡಿಯ ಅಜ್ಜಿಗೊಂದು ಕುರ್ಚಿ ಹಾಕಿಕೊಡಿ.